ಹೋಗುವಾಗ ಒಂದು ಕಾರು, ಬರುವಾಗ ಒಂದು

ಕಳೆದ ಕಾರ್ತಿಕದ ಎರಡನೇ ಸೋಮವಾರ ಬೆಳಿಗ್ಗೆ ನನ್ನ ಸೋದರಮಾವ ಸಿರುಗುಪ್ಪದ ತಮ್ಮ ಮನೆಯಲ್ಲಿ ತೀರಿಕೊಂಡರು. ನೋಡಲು ಬಂದವರು ವಿಭೂತಿ ಹಚ್ಚಿದ ಹಣೆಯನ್ನು ನೋಡಿದರು. ನನ್ನ ಕಣ್ಣು ಹೋದದ್ದು ಬಲಗೈಯ ಹೆಬ್ಬೆರಳಿಗೆ. ಅದರ ಉಗುರು ದಪ್ಪಗೆ, ಹಳದಿಯಾಗಿ, ನಡುವೆ ಉದ್ದಕ್ಕೆ ಸೀಳಿತ್ತು. ಅಕ್ಕಿ ಗಿರಣಿ ನಡೆಸಿದಷ್ಟು ಕಾಲವೂ ಅವರು ಭತ್ತದ ಕಾಳನ್ನು ಆ ಉಗುರಿನಿಂದಲೇ ಸುಲಿದು ನೋಡಿ ಖರೀದಿಸುತ್ತಿದ್ದರು. ತೇವ ಅಳೆಯುವ ಯಂತ್ರ ಗಿರಣಿಯಲ್ಲಿತ್ತು. ಅದರ ಮೇಲೂ ಅವರಿಗೆ ಸಂಶಯವಿತ್ತು.

ಭತ್ತದ ಚೀಲ ಬಂದರೆ ಅದರ ಬಾಯಿ ಬಿಚ್ಚಿಸುತ್ತಿರಲಿಲ್ಲ. ತುದಿ ಚೂಪಾಗಿದ್ದ ಒಂದು ಹಿತ್ತಾಳೆ ಕೊಳವೆಯನ್ನು ಚೀಲದ ಹೊಟ್ಟೆಗೆ ಚುಚ್ಚಿ, ನಡುವಿನ ಕಾಳನ್ನು ಅಂಗೈಗೆ ಇಳಿಸಿಕೊಳ್ಳುತ್ತಿದ್ದರು. “ಬಾಯಾಗ ಎಲ್ಲಾರೂ ಛಲೋ ಭತ್ತನ ಹಾಕಿರ್ತಾರ” ಎನ್ನುತ್ತಿದ್ದರು. ನಾನು ಬಳ್ಳಾರಿಯಲ್ಲಿ ಪತ್ರಿಕೆಯೊಂದಕ್ಕೆ ವರದಿಗಾರನಾದ ಮೇಲೆ ಆ ಕೊಳವೆ ನನ್ನ ಕಡೆಗೂ ತಿರುಗಿತು. ಬೆಳಿಗ್ಗೆ ಪತ್ರಿಕೆ ಬಂದ ಕೂಡಲೇ ಫೋನು: “ಅಳಿಯಾ, ಕಾಲುವಿಗೆ ನೀರು ಬಿಡ್ತಾರಂತ ಹಾಕೀಯಲ್ಲ. ಇಬ್ಬರು ಹೇಳ್ಯಾರೋ, ಒಬ್ಬನೋ?” ಒಬ್ಬನೇ ಎಂದರೆ ಮಾತು ಮುಗಿಯುತ್ತಿತ್ತು. ಇಬ್ಬರು ಎಂದರೆ, ಆ ಇಬ್ಬರೂ ಒಂದೇ ಮನೆಯವರೇ ಎಂದು ಕೇಳುತ್ತಿದ್ದರು.

ಹಳೆಯ ಜೀಪೊಂದನ್ನು ಬಿಟ್ಟು ಬೇರೆ ಗಾಡಿ ಬಯಸದ ಇಂಥ ಮನುಷ್ಯ, ಒಂದು ಫೆಬ್ರುವರಿಯಲ್ಲಿ ಐಷಾರಾಮಿ ಸ್ಪೋರ್ಟ್ ಸೆಡಾನ್‌ಗಳನ್ನು ಹೋಲಿಸಿ ನೋಡಲು ಹೊರಟರು. ಕಾರಣ ಅವರ ಒಬ್ಬಳೇ ಮಗಳ ಸಂಬಂಧ. ಅವಳು ಬಳ್ಳಾರಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ಹುಡುಗನ ತಂದೆಗೆ ಬ್ರೂಸ್‌ಪೇಟೆಯಲ್ಲಿ ಕಬ್ಬಿಣದ ಸಗಟು ವ್ಯಾಪಾರ. ಮಾತುಕತೆಗೆ ಬಂದ ದಿನ ಅವರು ಎರಡು ಸಲ ಹೇಳಿದರು: “ನಮಗೇನೂ ಬ್ಯಾಡ್ರಿ.” ಎದ್ದು ಹೋಗುವಾಗ, ಚಪ್ಪಲಿ ಮೆಟ್ಟುತ್ತಾ, “ಹುಡುಗಗ ಕಾರು ಅಂದ್ರ ಭಾಳ ಆಸಿ, ಅಷ್ಟ” ಎಂದು ಸೇರಿಸಿದರು. ಯಾವ ಬಗೆಯ ಕಾರು ಎಂಬುದನ್ನು ಹುಡುಗ ಆಗಲೇ ಫೋನಿನಲ್ಲಿ ತೋರಿಸಿದ್ದ.

ಸಂಶಯ ಹೆಚ್ಚಾದಾಗ ಮಾವ ತೆಲುಗಿಗೆ ಇಳಿಯುತ್ತಿದ್ದರು, ಬಳ್ಳಾರಿ ಸೀಮೆಯಲ್ಲಿ ಅದು ಎಲ್ಲರಿಗೂ ತಿಳಿಯುತ್ತದೆಂದು ಗೊತ್ತಿದ್ದರೂ. ಆವತ್ತು ಬಾಗಿಲಲ್ಲಿ ನಿಂತು “ಚೂದ್ದಾಂ” ಎಂದರು. ನೋಡೋಣ ಎಂದರ್ಥ.

ಮಗಳು ಹೂಂ ಎಂದಿರಲಿಲ್ಲ, ಒಲ್ಲೆ ಎಂದೂ ಹೇಳಿರಲಿಲ್ಲ. “ಕಾರು ಆರಿಸಾಕ ಇಷ್ಟು ಮಂದಿ ಅದೀರಿ ಭಾವ. ನನ್ನ ಕೇಳಾಕ ಒಬ್ಬರೂ ಇಲ್ಲ ನೋಡು” ಎಂದು ನನ್ನ ಮುಂದೆ ನಕ್ಕಿದ್ದಳು. ಆ ನಗು ಎಷ್ಟು ನಿಜವೆಂದು ನನಗೆ ಆಗ ತಿಳಿಯಲಿಲ್ಲ.

ಬಳ್ಳಾರಿಯಲ್ಲಿ ಆ ದರ್ಜೆಯ ಕಾರುಗಳ ಷೋರೂಮ್ ಇರಲಿಲ್ಲ. ಗಿರಾಕಿ ಗಟ್ಟಿ ಎನಿಸಿದರೆ ಕಂಪನಿಯವರೇ ದೂರದಿಂದ ಕಾರನ್ನು ಟ್ರಕ್ಕಿನ ಮೇಲೆ ತಂದು ತೋರಿಸುತ್ತಾರೆ. ಮಾವ ಎರಡು ಕಂಪನಿಗಳವರನ್ನು ಒಂದೇ ದಿನ, ಒಂದೇ ಹೊತ್ತಿಗೆ ಗಿರಣಿಯ ಅಂಗಳಕ್ಕೆ ಕರೆಸಿದರು. ಯಾಕೆಂದು ಕೇಳಿದೆ. “ಎದುರಾಎದುರು ನಿಂತ್ರ ಸುಳ್ಳು ಕಡಿಮಿ ಆಕ್ಕಾವು.”

ನೀಲಿ ಕಾರಿನ ಜೊತೆ ಒಬ್ಬ ಟೈ ಕಟ್ಟಿದ ಮಾರಾಟಗಾರ, ಬಿಳಿ ಕಾರಿನ ಜೊತೆ ಇನ್ನೊಬ್ಬ. ಮಾವ ಕೂತು ನೋಡಲಿಲ್ಲ, ಮೊದಲು ಬಗ್ಗಿದರು. ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ ಕೈಯಿಟ್ಟು ಗೇಣು ಹಾಕಿದರು. ಹೆಬ್ಬೆರಳ ಉಗುರನ್ನು ಸೀಟಿನ ಕೆಂಪು ಹೊಲಿಗೆಯ ಮೇಲೆ ಎಳೆದರು. ಟೈ ಕಟ್ಟಿದವನು ಮೆಲ್ಲಗೆ ಬಟ್ಟೆಯಿಂದ ಆ ಹೊಲಿಗೆ ಒರೆಸಿದ.

“ಕೆಲವೇ ಸೆಕೆಂಡಲ್ಲಿ ನೂರು ಮುಟ್ಟುತ್ತೆ ಸಾರ್.”

“ಮುಟ್ಟಿ ಏನು ಮಾಡ್ತೈತಿ?”

ಮಾವ ಡಿಕ್ಕಿ ತೆರೆಸಿದರು. “ಸ್ಟೆಪ್ನಿ ಎಲ್ಲಿ?”

“ಇದಕ್ಕೆ ಸ್ಟೆಪ್ನಿ ಬೇಡ ಸಾರ್. ಪಂಕ್ಚರ್ ಆದ್ರೂ ಓಡುತ್ತೆ.”

“ಪಂಕ್ಚರ್ ಆಗಂಗಿಲ್ಲ ಅಂದಿದ್ರ ಅದೊಂದು ಮಾತು. ಆದ್ರೂ ಓಡ್ತೈತಿ ಅಂತೀಯಲ್ಲ, ಅದಕ್ಕ ನನಗ ಸಂಶಯ.” ಬಿಳಿ ಕಾರಿನವನು ನಕ್ಕ. ಮಾವ ಅವನ ಕಡೆ ತಿರುಗಿದರು. “ನಗಬ್ಯಾಡ. ನಿಂದೂ ತಗಿ ಡಿಕ್ಕಿ.” ಅದರಲ್ಲೂ ಸ್ಟೆಪ್ನಿ ಇರಲಿಲ್ಲ.

ಹುಡುಗನೂ ಅವನ ತಂದೆಯೂ ಬಂದರು. ಮಾವನ ಮಗಳೂ ಬಂದು ಕೂತಳು. ಚಹಾ ಆಯಿತು. ಕಪ್ಪು ಕೆಳಗಿಡುತ್ತಾ ಮಾವ ಸಹಜವಾಗಿ ಕೇಳಿದರು: “ಗಾಡಿ ಯಾರ ಹೆಸರಿಗೆ ಆಗಬೇಕ್ರಿ?”

ಹುಡುಗನ ತಂದೆ ಹೇಳಿದರು: “ಹುಡುಗನ ಹೆಸರಿಗೆ ಇರ್ಲಿ ಬಿಡ್ರಿ. ನಿಮ್ಮ ಹುಡುಗಿಗೆ ಡ್ರೈವಿಂಗ್ ಬರಂಗಿಲ್ಲಲ್ಲ.”

ಅವಳು ಇದೇ ಅಂಗಳದಲ್ಲಿ ಜೀಪು ಓಡಿಸಿ ಕಲಿತವಳು. ಮಾವ ಎದ್ದರು. “ಕುರುಗೋಡಿನ ಕಡಿ ಹೋಗಿ ಬರೋಣು. ಹೋಗುವಾಗ ಒಂದು ಕಾರು, ಬರುವಾಗ ಒಂದು. ಹೋಗುವಾಗ ನೀ ಹೊಡಿ ತಮ್ಮಾ, ಬರುವಾಗ ಆಕಿ ಹೊಡೀತಾಳ.”

ಹುಡುಗನ ತಂದೆ ಗಿರಣಿಯಲ್ಲೇ ಉಳಿದರು. ಹೋಗುವಾಗ ಹುಡುಗ ನೀಲಿ ಕಾರು ಓಡಿಸಿದ. ಅವಳು ಪಕ್ಕದಲ್ಲಿ, ಮಾವನೂ ನಾನೂ ಹಿಂದೆ. ಮಾರಾಟಗಾರರಿಬ್ಬರೂ ಬಿಳಿ ಕಾರಿನಲ್ಲಿ ಹಿಂಬಾಲಿಸಿದರು. ಹುಡುಗ ಚೆನ್ನಾಗಿಯೇ ಓಡಿಸಿದ, ಅದನ್ನು ಹೇಳಲೇಬೇಕು. ಹಂಪ್‌ಗಳಲ್ಲಿ ಕಾರಿನ ಹೊಟ್ಟೆ ಒಮ್ಮೆಯೂ ತಾಗಲಿಲ್ಲ. ರಸ್ತೆಯ ಎರಡೂ ಬದಿ ಗದ್ದೆಗಳಲ್ಲಿ ಎರಡನೇ ಬೆಳೆಯ ನಾಟಿ ಆಗಷ್ಟೇ ಮುಗಿದಿತ್ತು, ನೀರು ನಿಂತಿತ್ತು. ರಸ್ತೆಯ ಮೇಲೆ ಏನೂ ಇರಲಿಲ್ಲ.

ಕುರುಗೋಡಿನಲ್ಲಿ ಕಾರು ಬದಲಾಯಿತು. ಬಿಳಿ ಕಾರಿನ ಸ್ಟೇರಿಂಗ್ ಅವಳ ಕೈಗೆ ಬಂತು, ಹುಡುಗ ಪಕ್ಕಕ್ಕೆ ಬಂದ. “ಮೆಲ್ಲಕ... ಇದು ಜೀಪಲ್ಲ” ಎಂದ. ಜೀಪಿನ ವಿಷಯ ಅವನಿಗೆ ಹೇಗೋ ಗೊತ್ತಿತ್ತು. ತಂದೆಗೆ ಗೊತ್ತಿರಲಿಲ್ಲವೇ, ಅಥವಾ ಗೊತ್ತಿಲ್ಲದಂತೆ ಮಾತಾಡಿದರೇ ಎಂದು ನಾನು ಯೋಚಿಸುತ್ತಿದ್ದೆ.

ಸಿರುಗುಪ್ಪ ಇನ್ನೂ ಸ್ವಲ್ಪ ದೂರವಿರುವಾಗ ರಸ್ತೆಯ ತುಂಬ ಭತ್ತ ಹರವಿತ್ತು, ಈ ಸೀಮೆಯಲ್ಲಿ ಸುಗ್ಗಿಯಾದ ಮೇಲೆ ಒಣಗಿಸಲು ಹರವುವಂತೆ. ಅಂಚಿಗೆ ಕಲ್ಲಿಟ್ಟಿದ್ದರು. ಒಬ್ಬ ಹೆಂಗಸು ಪೊರಕೆ ಎತ್ತಿ ಕೂಗಿದಳು: “ನಿಲ್ರೀ ಯಪ್ಪಾ, ದಾರಿ ಬಿಡತೀನಿ!”

ಮಾವನ ಮಗಳು ಕಾರು ನಿಲ್ಲಿಸಿದಳು.

“ಹತ್ತಿಸ್ರಿ” ಎಂದ ಹುಡುಗ. “ರೋಡಿಗೆ ಹಾಕೋದ ಗಾಡಿ ತುಳೀಲಿ ಅಂತ.”

ಹಿಂದಿನಿಂದ ಮಾವ ಹೇಳಿದರು: “ಅದು ಹುರುಳಿಗೆ, ತಮ್ಮಾ. ಭತ್ತ ತುಳಿದ್ರ ಅಕ್ಕಿ ನುಚ್ಚಾಕ್ಕತಿ.”

ಪೇಟೆಯಲ್ಲಿ ಬೆಳೆದವನ ತಪ್ಪು ಅದು. ಹುರುಳಿಯನ್ನು ಒಕ್ಕಣೆಗೆಂದು ರಸ್ತೆಗೆ ಹಾಕುವುದನ್ನು ಅವನು ನೋಡಿರಬೇಕು. ಹೆಂಗಸು ನಿಧಾನವಾಗಿ ಗುಡಿಸುತ್ತಿದ್ದಳು, ಬೇಕೆಂದೇ ನಿಧಾನ ಮಾಡುವಂತೆ. ಹುಡುಗ ಕೈ ಚಾಚಿ, ಸ್ಟೇರಿಂಗ್ ಮೇಲಿದ್ದ ಅವಳ ಕೈಗಳ ಮೇಲಿಂದಲೇ, ಹಾರ್ನ್ ಒತ್ತಿ ಹಿಡಿದ. ಅವಳು ಎಂಜಿನ್ ಆಫ್ ಮಾಡಿದಳು. ನಾನು ಇಳಿದು, ಅಂಚಿನ ಕಲ್ಲುಗಳನ್ನು ಸರಿಸಿ ದಾರಿ ಬಿಡಿಸಿದೆ.

ಗಿರಣಿಯಲ್ಲಿ ಹುಡುಗನ ತಂದೆ ನಗುತ್ತಾ ಎದುರು ಬಂದರು. “ಯಾವುದು ಪಾಸಾತ್ರಿ?”

“ಕಾರು ಎರಡೂ ಪಾಸು” ಎಂದರು ಮಾವ.

ಆ ಸಂಜೆ ಅವಳು ಅಪ್ಪನಿಗೆ ಒಲ್ಲೆ ಎಂದಳು. ಕಾರಣ ಹೇಳಲಿಲ್ಲ. ಮಾವ ಕೇಳಲೂ ಇಲ್ಲ. ಆ ಮನೆಯವರಿಗೆ ಮರುದಿನ ತಿಳಿಸಲಾಯಿತು.

ಅದೇ ಸಂಜೆ ನೋಡಿದರೆ, ನನ್ನ ಬೂಟಿನ ಅಡಿಯ ಸಂದಿನಲ್ಲಿ ಒಂದಿಷ್ಟು ಕಾಳು ಸಿಕ್ಕಿಕೊಂಡಿತ್ತು. ಮಾವ ಕಲಿಸಿದಂತೆಯೇ ಸುಲಿದು ನೋಡಿದೆ. ಹಳೆಯ ಭತ್ತ, ಕಟಕಟನೆ ಒಣಗಿದ್ದು. ಅದನ್ನು ಮತ್ತೆ ಒಣಗಿಸುವ ಅಗತ್ಯವೇ ಇರಲಿಲ್ಲ. ನಾಟಿಯ ಕಾಲದಲ್ಲಿ ಯಾರು ಭತ್ತ ಒಣಹಾಕುತ್ತಾರೆ? ಹೋಗುವಾಗ ಖಾಲಿಯಿದ್ದ ರಸ್ತೆ ಬರುವಷ್ಟರಲ್ಲಿ ತುಂಬಿದ್ದು ಹೇಗೆ? ಕಾಳನ್ನು ಅಂಗೈಯಲ್ಲಿಟ್ಟು ಮಾವನಿಗೆ ತೋರಿಸಿದೆ.

ಅವರು ಕಾಳನ್ನೂ ನೋಡಿದರು, ನನ್ನನ್ನೂ ನೋಡಿದರು. “ನೀ ಪೇಪರ್‌ನ್ಯಾವ. ಇಬ್ಬರು ಹೇಳೋ ತನಕ ಬರೀಬ್ಯಾಡ.”

ಬರೆಯಲಿಲ್ಲ. ಮಾವನೂ ಆ ಮಾತು ಮತ್ತೆ ಎತ್ತಲಿಲ್ಲ. ಅವರ ಬಗ್ಗೆ ನನಗಿದ್ದ ಗೌರವದ ಜೊತೆ ಅಷ್ಟೇ ಸಂಶಯವೂ ಉಳಿಯಿತು. ಹುಡುಗನನ್ನು ಹಾಗೆ ಪರೀಕ್ಷೆಗೆ ಒಡ್ಡಿದ್ದು ನ್ಯಾಯವೇ? ಆ ಹುಡುಗನ ಕಡೆಯ ಮಾತು ಇವತ್ತಿಗೂ ನನ್ನ ಬಳಿ ಇಲ್ಲ. ವರದಿಯಾಗಿದ್ದರೆ ಅದನ್ನು ಬರೆಯಲೇಬೇಕಿತ್ತು, ಆದ್ದರಿಂದ ಇಲ್ಲಿಯೂ ಬರೆದಿದ್ದೇನೆ.

ಮಾವ ತೀರಿಕೊಂಡ ದಿನ, ಗಿರಣಿಯ ಭತ್ತದ ಕಣದಲ್ಲಿ ದುಡಿಯುವ ಹೆಂಗಸರು ಅಂಗಳದ ಒಂದು ಬದಿಗೆ ಕೂತು ಅಳುತ್ತಿದ್ದರು. ಅವರಲ್ಲಿ ಒಬ್ಬಳ ಗುರುತು ಹತ್ತಿತು. ಆವತ್ತು ರಸ್ತೆಯಲ್ಲಿ ಪೊರಕೆ ಎತ್ತಿ ಕೂಗಿದವಳು, ದೇಶನೂರಿನವಳು. ಸಂಜೆ ಹತ್ತಿರ ಹೋಗಿ ಕೇಳಿದೆ. ಸೆರಗಿನಿಂದ ಮುಖ ಒರೆಸಿಕೊಂಡಳು.

“ಹೌದ್ರಿ. ಧಣ್ಯಾರ ಹೇಳಿದ್ರು. ಕಾರುಗಳು ಆ ಕಡಿ ದಾಟಿದ ಮ್ಯಾಲೆ ಹರವು, ಬರುವಾಗ ಅವಸರ ಮಾಡಬ್ಯಾಡ ಅಂತ. ಯಾಕಂತ ನಾ ಕೇಳಲಿಲ್ರಿ.”

ಇದು ಒಬ್ಬಳ ಮಾತು. ಎಲ್ಲ ಮುಗಿದ ಮೇಲೆ ಮಾವನ ಮಗಳನ್ನು ಕೇಳಿದೆ. ಅವಳು ಅಪ್ಪನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಿದ್ದಳು.

“ಆವತ್ತ ಆಕಿನ್ನ ನೋಡಿದ ಕೂಡ್ಲೇ ಗೊತ್ತಾತು, ಭಾವ. ನಮ್ಮ ಕಣದಾಕಿ, ದಿನಾ ನೋಡೋ ಮುಖ. ಅಪ್ಪನ ಆಟ ಅಂತ ತಿಳೀತು. ಸಿಟ್ಟೂ ಬಂತು.”

“ಮತ್ತೆ ಒಲ್ಲೆ ಅಂದದ್ದು?”

“ಭತ್ತಕ್ಕಲ್ಲ. ನನ್ನ ಕೈ ಮ್ಯಾಲಿಂದ ಕೈ ಹಾಕಿ ಹಾರ್ನ್ ಹೊಡೆದ ನೋಡು, ಅದಕ್ಕ.” ಸ್ವಲ್ಪ ತಡೆದು ಹೇಳಿದಳು: “ಅದನ್ನ ಅಪ್ಪ ಹೇಳಿ ಮಾಡಿಸಿದ್ದಲ್ಲಲ್ಲ.”

ಅಪ್ಪನಿಗೆ ಇದನ್ನು ಹೇಳಿದ್ದೆಯಾ ಎಂದು ಕೇಳಿದೆ. ಇಲ್ಲ ಎಂದಳು.

ಈಗ ಇಬ್ಬರು ಹೇಳಿದ್ದಾರೆ, ಬೇರೆ ಬೇರೆ ಮನೆಯವರು. ಹಾಗಾಗಿ ಬರೆದಿದ್ದೇನೆ.

ಆ ಬಿಳಿ ಕಾರನ್ನು ಮಾವ ಆ ಯುಗಾದಿಗೇ ಕೊಂಡಿದ್ದರು, ಮಗಳ ಹೆಸರಿಗೆ. ಅವಳು ಈಗ ಕಾಲೇಜಿನ ಕೆಲಸ ಬಿಟ್ಟು ಗಿರಣಿ ನೋಡಿಕೊಳ್ಳುತ್ತಾಳೆ. ಮೊನ್ನೆ ಅದರಲ್ಲಿಯೇ ಬಳ್ಳಾರಿಗೆ ಬಂದಿದ್ದಳು. ಕಾರಿನ ಹೊಟ್ಟೆಯಲ್ಲಿ ಹಂಪ್ ತಾಗಿದ ಗೀರುಗಳಿವೆ. ಡಿಕ್ಕಿಯಲ್ಲಿ ಸ್ಟೆಪ್ನಿ ಇಲ್ಲ, ಹಿತ್ತಾಳೆಯ ಕೊಳವೆ ಇದೆ.