ಅತ್ತೆಯ ಸಾರಿನ ಖಾರ

ಕೊಪ್ಪದಲ್ಲಿ ಮನೆಗಳು ಒತ್ತಿಕೊಂಡಿರುವ ಬೀದಿ ನಮ್ಮದು. ಪಕ್ಕದ ಮನೆಯವರು ಒಣಮೆಣಸು ಹುರಿದರೆ ಸೀನುವುದು ನಾವು. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು. ಆ ಘಾಟು ಮೂಗಿಗೆ ಹೊಡೆದಾಗ ನಾನು ಒಂದು ಸಾರು ಇಳಿಸಿ ಇನ್ನೊಂದಕ್ಕೆ ಒಗ್ಗರಣೆ ಇಡುತ್ತಿದ್ದೆ. ಎರಡು ಸಾರು ಯಾಕೆ ಎಂದು ಕೇಳಬೇಡಿ, ಕೇಳಿದರೆ ಹೇಳಬೇಕಾಗುತ್ತದೆ. ಯಜಮಾನರಿಗೆ ಹೊಟ್ಟೆಯುರಿ, ಒಂದು ಮೆಣಸು ಹೆಚ್ಚಾದರೂ ಎದೆ ನೀವಿಕೊಳ್ಳುತ್ತಾರೆ. ಮಗಳಿಗೆ ಕಣ್ಣಲ್ಲಿ ನೀರು ಬಾರದಿದ್ದರೆ ಊಟ ಮಾಡಿದ ಹಾಗೇ ಆಗುವುದಿಲ್ಲ. ಮೂವತ್ತು ವರ್ಷದಿಂದ ನಾನು ಮಾಡುತ್ತಿರುವುದು ಅಡಿಗೆಯಲ್ಲ, ರಾಜಿ ಪಂಚಾಯ್ತಿ.

ಮಧ್ಯಾಹ್ನ ಇಬ್ಬರೂ ಊಟಕ್ಕೆ ಕೂತರು. "ಇವತ್ತು ಖಾರ ಜಾಸ್ತಿ ಆಯ್ತು ಮಾರಾಯ್ತಿ" ಎಂದರು ಅವರು. "ಅಮ್ಮಾ, ಇದು ಸಾರಾ, ಬಿಸಿನೀರಾ?" ಎಂದಳು ಇವಳು. ಪಾತ್ರೆ ಅದಲುಬದಲಾಯಿತೇನೋ ಎಂದು ನೋಡಿದೆ. ಆಗಿರಲಿಲ್ಲ. ಸೌಟನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ ಕೂತುಬಿಟ್ಟೆ. ಸಾಕಾಗಿಹೋಗಿದೆ, ನಿಜವಾಗಿ.

ಹಾಗೆ ಕೂತಾಗ ಅತ್ತೆ ನೆನಪಾದರು.

ಮದುವೆಯಾಗಿ ನಾನು ಸೇರಿದ್ದು ಶೃಂಗೇರಿ ಕಡೆಯ ಅಡ್ಡಗದ್ದೆಯ ಮನೆಗೆ. ಅಲ್ಲಿ ಎರಡು ಕಟ್ಟುಪಾಡು. ದೇವರಿಗೆ ನೈವೇದ್ಯವಾಗುವ ತನಕ ಅಡಿಗೆಯ ರುಚಿ ನೋಡುವ ಹಾಗಿಲ್ಲ. ಎಲೆಯ ಮುಂದೆ ಕೂತವರು ಅನ್ನಕ್ಕೆ ಹೆಸರಿಡುವ ಹಾಗಿಲ್ಲ. ಅಂದರೆ ಮಾಡುವವರಿಗೆ ಮೊದಲೂ ಗೊತ್ತಾಗುವುದಿಲ್ಲ, ಆಮೇಲೂ ಗೊತ್ತಾಗುವುದಿಲ್ಲ. ಸಾಲದ್ದಕ್ಕೆ ಅತ್ತೆ ಹೊಟ್ಟೆಹುಣ್ಣಿನ ದೆಸೆಯಿಂದ ಖಾರ ಬಿಟ್ಟು ಬರೀ ಮಜ್ಜಿಗೆ ಅನ್ನ ಉಣ್ಣುತ್ತಿದ್ದವರು. ತಾವು ಬಾಯಿಗೇ ಹಾಕದ ಸಾರನ್ನು ಮನೆಮಂದಿಗೆಲ್ಲ ಮಾಡುತ್ತಿದ್ದರು. ಎಲ್ಲ ಮೂಗಿನ ಅಳತೆ. ಬಾಣಲೆಯ ಮೇಲೆ ಬಗ್ಗಿ ಒಮ್ಮೆ ಉಸಿರೆಳೆದುಕೊಂಡು "ಇನ್ನೆರಡು ಹಾಕು" ಎನ್ನುತ್ತಿದ್ದರು. ಹಾಕಿದರೆ ಸರಿಯಾಗಿರುತ್ತಿತ್ತು. ನಾನೂ ಹಾಗೇ ಮಾಡಲು ಹೋಗಿ, ಬಾಣಲೆಗೆ ಬಗ್ಗಿ ಜೋರಾಗಿ ಸೀನಿ, ಹುರಿದ ಕೊತ್ತಂಬರಿಯನ್ನೆಲ್ಲ ಚೆಲ್ಲಬೇಕಾಯಿತು. "ನಿನ್ನ ಮೂಗಿಗೆ ಇನ್ನೂ ವಯಸ್ಸು ಸಾಲದು ಬಿಡು" ಎಂದು ನಕ್ಕಿದ್ದರು.

ಯಾರ ನಾಲಿಗೆ ಎಂಥದ್ದು ಎಂಬುದು ಅವರಿಗೆ ಬಾಯಿಪಾಠ. ಮುತ್ತಿನಕೊಪ್ಪದಲ್ಲಿದ್ದ ಮಾವನ ತಮ್ಮ ಬಂದರೆ ಎಲೆಯ ತುದಿಗೆ ಉಪ್ಪಿನ ಜೊತೆ ನಾಲ್ಕು ಸೂಜಿಮೆಣಸು. ಮಾವನ ಅಕ್ಕ ಬಂದರೆ ಬೆಲ್ಲ ಒಂದು ಚೂರು ಹೆಚ್ಚು. ತೋಟದ ಕೆಲಸಕ್ಕೆ ಬರುತ್ತಿದ್ದ ಗಿರಿಜೆಗೆ ಮಾತ್ರ ನಮ್ಮ ಸಾರು ಒಂದು ದಿನವೂ ಒಪ್ಪಲಿಲ್ಲ. "ಇದು ಕಾಯಿಲೆಯವರ ಸಾರು ಅಮ್ಮಾ" ಎಂದು ಸೆರಗಿನ ಗಂಟಿನಿಂದ ಮೆಣಸು ತೆಗೆದು ನುರಿದುಕೊಳ್ಳುತ್ತಿದ್ದಳು. ಜಗಲಿಯಲ್ಲಿ ಉಣ್ಣುವ ಅವಳು ಬಾಯಿಬಿಟ್ಟು ಹೇಳಬಹುದಿತ್ತು. ಒಳಗೆ ಉಣ್ಣುವವರು ಹೇಳುವಂತಿರಲಿಲ್ಲ.

ಒಂದು ವರ್ಷ ಅತ್ತೆ ಜ್ವರ ಬಂದು ಹದಿನೈದು ದಿನ ಮಲಗಿದರು. ಎದ್ದು ಒಲೆಯ ಮುಂದೆ ಬಂದ ಮೇಲೆ ಸಾರು ಬೆಂಕಿಯಾಯಿತು. ಮಾವ ತಲೆಯ ಬೆವರು ಒರೆಸಿಕೊಂಡು ಎರಡೆರಡು ಸಲ ಮಜ್ಜಿಗೆ ಹಾಕಿಸಿಕೊಂಡರು. ಹೇಗಿತ್ತು ಎಂದು ಅತ್ತೆ ಕೇಳಿದರೆ "ಅಡ್ಡಿಲ್ಲ" ಎಂದರು, ಅಷ್ಟೇ. ಅದೇ ವಾರ ಅತ್ತೆಯ ಮಗ್ಗುಲಲ್ಲೇ ಹಾಲು ತಳಹಿಡಿದು ಸೀದುಹೋಯಿತು. ಅಂಗಳದಲ್ಲಿದ್ದ ನನಗೆ ವಾಸನೆ ಬಂದು ಓಡಿಬಂದರೆ, ಅವರು ತಿರುಗಿಯೂ ನೋಡದೆ ತೊಂಡೆಕಾಯಿ ಹೆಚ್ಚುತ್ತಿದ್ದರು. ಜ್ವರದ ಜೊತೆಗೆ ಅವರ ಮೂಗೂ ಹೋಗಿದೆ ಎಂದು ನನಗೆ ಆಗ ತಿಳಿಯಿತು.

ಹೇಳಲಿಲ್ಲ ನಾನು. ಹೇಳಿದರೆ ಒಲೆ ಬಿಟ್ಟುಬಿಡುತ್ತಾರೆ ಎಂಬ ಹೆದರಿಕೆ. ಹದಿನಾರನೇ ವಯಸ್ಸಿಗೆ ಹಿಡಿದ ಒಲೆ. ಅದೊಂದು ಬಿಟ್ಟರೆ ತಮ್ಮದು ಎನ್ನುವುದು ಅವರಿಗೆ ಆ ಮನೆಯಲ್ಲಿ ಏನಿತ್ತು ಹೇಳಿ? ಅದಕ್ಕೇ ಒಂದು ಉಪಾಯ ಮಾಡಿದೆ. ಅವರು ಹುರಿದು ತಟ್ಟೆಯಲ್ಲಿ ಆರಲು ಇಟ್ಟ ಮೆಣಸಿನಲ್ಲಿ ಅರ್ಧ ತೆಗೆದು ಅಡಗಿಸಿ, ಮಿಕ್ಕಿದ್ದನ್ನು ರುಬ್ಬತೊಡಗಿದೆ. ಸಾರು ಹದಕ್ಕೆ ಬಂತು. ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ.

ಆದರೆ ಅತ್ತೆಗೂ ಒಳಗೊಳಗೇ ಅನುಮಾನ ಬಂದಿತ್ತು. ಒಂದು ದಿನ ಮೂಗನ್ನು ನಂಬದೆ ಅವರೇ ಮೆಣಸನ್ನು ಅರ್ಧಕ್ಕಿಳಿಸಿ ಹುರಿದರು. ನಾನು ಗಮನಿಸದೆ, ಅಭ್ಯಾಸಬಲದಿಂದ, ಅದರಲ್ಲೂ ಅರ್ಧ ತೆಗೆದೆ. ಮಾವನ ತಮ್ಮ ಊಟಕ್ಕೆ ಬರಬೇಕಾ ಅವತ್ತೇ! ಎರಡು ತುತ್ತು ಉಂಡವರು ಕಟ್ಟುಪಾಡು ಮರೆತು ಕೇಳಿಯೇಬಿಟ್ಟರು: "ಎಂತ ಅತ್ತಿಗೆ, ಮೆಣಸು ತರ್ಲಿಕ್ಕೆ ಪೇಟೆಗೆ ಹೋದವರು ಇನ್ನೂ ಬರ್ಲಿಲ್ವಾ?"

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ಅಡಿಗೆಮನೆಗೆ ಬಂದು ತಡಕಾಡಿ, ನಾನು ಅಕ್ಕಿಡಬ್ಬದ ಹಿಂದೆ ಇಟ್ಟಿದ್ದ ಮೆಣಸನ್ನು ಹೊರಗೆ ತೆಗೆದರು.

"ಎಷ್ಟು ದಿನದಿಂದನೇ?"

"ನಾಲ್ಕು ತಿಂಗಳಾಯ್ತು ಅತ್ತೆ. ನಿಮಗೆ ಬೇಜಾರಾಗ್ತದೆ ಅಂತ..."

"ಮೂಗು ಹೋಗಿದ್ದಕ್ಕೆ ಬೇಜಾರಿಲ್ಲ ಮಾರಾಯ್ತಿ. ಒಂದು ಮಾತು ಹೇಳಿದ್ರೆ ನಿನ್ನ ಮೂಗಲ್ಲೇ ನಾನು ಅಡಿಗೆ ಮಾಡ್ತಿದ್ದೆ."

ಮರುದಿನದಿಂದ ಅವರು ಒಲೆಯ ಹತ್ತಿರ ಸುಳಿಯಲಿಲ್ಲ. ತರಕಾರಿ ಹೆಚ್ಚಿಕೊಟ್ಟು ಎದ್ದುಹೋಗುತ್ತಿದ್ದರು. ಬನ್ನಿ ಎಂದು ಕರೆದೆ, ಅತ್ತು ಕರೆದೆ. "ನೀನೇ ಮಾಡು, ಅಡ್ಡಿಲ್ಲ" ಎಂದರು. ಆಮೇಲೆ ಎಂಟು ವರ್ಷ ಬದುಕಿದ್ದರು, ಸೌಟು ಮುಟ್ಟಲಿಲ್ಲ. ಅವರಿಗೆ ಉಳಿಸಿಕೊಡುತ್ತೇನೆ ಎಂದು ಹೊರಟು ನಾನೇ ಕಿತ್ತುಕೊಂಡೆ. ಯಾರಿಗೂ ಹೇಳಿರಲಿಲ್ಲ ಇದನ್ನು, ಹೇಳಿಕೊಳ್ಳುವಂಥದ್ದೂ ಅಲ್ಲ.

ಎದ್ದು ಮುಖ ತೊಳೆದು ಹೊರಗೆ ಬಂದೆ. ಇಬ್ಬರೂ ತಟ್ಟೆಯ ಮುಂದೆ ಹಾಗೇ ಕೂತಿದ್ದರು. ನಾನು ಮುನಿಸಿಕೊಂಡೆ ಎಂದು ಹೆದರಿರಬೇಕು.

"ಇಲ್ಲಮ್ಮ, ಚೆನ್ನಾಗೇ ಇದೆ" ಎಂದಳು ಮಗಳು.

"ಹ್ಞೂಂ, ಅಡ್ಡಿಲ್ಲ" ಎಂದರು ಅವರು.

"ಅಡ್ಡಿಲ್ಲ ಅನ್ಬೇಡಿ ಮಾರಾಯ್ರೆ" ಎಂದೆ. ಕುರ್ಚಿ ಎಳೆದುಕೊಂಡು ಅವರೆದುರು ಕೂತೆ. "ಎಷ್ಟು ಜಾಸ್ತಿ ಆಯ್ತು, ಸರಿಯಾಗಿ ಹೇಳಿ. ನಾಳೆಯೂ ನಾನೇ ಮಾಡ್ಬೇಕು."