ಚೌಡಿಗೆ ಬಾಗಿಲು ಇಟ್ಟ ವರ್ಷ

ದೇವರುಗಳ ಬಗ್ಗೆ ಮಾತಾಡಿ ಹೊಟ್ಟೆ ಹೊರೆಯುವವನು ನಾನು. ಶಿರಸಿಯ ಕಾಲೇಜೊಂದರಲ್ಲಿ ಇತಿಹಾಸ ಹೇಳಿಕೊಡುತ್ತೇನೆ. ಮಕ್ಕಳು ತೂಕಡಿಸದೆ ಕೇಳುವ ಪಾಠವೆಂದರೆ ಬೇರೆ ಬೇರೆ ದೇಶಗಳ ದೇವದೇವತೆಯರದ್ದು ಮಾತ್ರ. ಈಜಿಪ್ಟಿನ ಹಾಥೋರ್ ದೇವಿಯ ಕೊಂಬಿನ ಕಿರೀಟವನ್ನು ಐಸಿಸ್ ಎಂಬ ಇನ್ನೊಬ್ಬ ದೇವಿ ಹೇಗೆ ತೊಟ್ಟುಕೊಂಡಳು, ರೋಮನರು ಗೆದ್ದ ಊರಿನ ದೇವರಿಗೆಲ್ಲ ತಮ್ಮ ದೇವರ ಹೆಸರನ್ನು ಹೇಗೆ ಅಂಟಿಸಿದರು ಎಂದು ಕೈ ಬೀಸಿ ಬೀಸಿ ಹೇಳುತ್ತೇನೆ. ಬ್ರಿಟನ್ನಿನ ಬಿಸಿನೀರಿನ ಬುಗ್ಗೆಯೊಂದರಲ್ಲಿ ಸೂಲಿಸ್ ಎಂಬ ದೇವಿಯಿದ್ದಳು. ರೋಮನರು ಬಂದ ಮೇಲೆ ಸೂಲಿಸ್ ಮಿನರ್ವಾ ಆದಳು. ದೊಡ್ಡ ದೇವರು ಬಂದರೆ ಸಣ್ಣ ದೇವರು ಜಾಗ ಬಿಡಬೇಕಾಗುತ್ತದೆ, ಜೊತೆಗೆ ಅದನ್ನು ನಂಬಿದವರೂ ಬಿಡಬೇಕಾಗುತ್ತದೆ ಎಂದು ಪಾಠ ಮುಗಿಸುವಾಗ ತರಗತಿಯಲ್ಲಿ ಪಿಟ್ಟೆಂಬ ಸದ್ದಿರುವುದಿಲ್ಲ. ಆ ಮೌನ ನನಗೆ ಬಲು ಇಷ್ಟ. ಇಷ್ಟವಿತ್ತು ಎನ್ನಬೇಕು.

ನಮ್ಮ ಮನೆ ಸಿದ್ದಾಪುರದ ದಾರಿಯಲ್ಲಿ. ನಾವು ತೋಟಕ್ಕೆ ಸೊಪ್ಪು ತರುವ ಬೆಟ್ಟದ ಬುಡದಲ್ಲಿ ಒಂದು ಚೌಡಿ ಇದ್ದಳು. ಚೌಡಿಗೆ ಗುಡಿಯಿಲ್ಲ, ಮೂರ್ತಿಯಿಲ್ಲ. ಮರದ ಬೇರಿಗೆ ಒರಗಿದ ಒಂದು ಕಲ್ಲು, ಅಷ್ಟೇ. ಬೆಟ್ಟ, ಗದ್ದೆ, ದನಕರು, ಮನುಷ್ಯರು ಎಲ್ಲವನ್ನೂ ಕಾಯುವವಳು ಅವಳೇ. ವರ್ಷಕ್ಕೊಮ್ಮೆ ಅವಳಿಗೆ ಕೋಳಿ ಆಗಬೇಕು. ನಾವೋ ಮೊಟ್ಟೆಯನ್ನೂ ಮುಟ್ಟದವರು. ಅದಕ್ಕೆ ಹಿರಿಯರು ಒಂದು ಉಪಾಯ ಕಂಡುಕೊಂಡಿದ್ದರು. ನಾವು ಕಾಯಿ ಒಡೆದು, ಹೂವೇರಿಸಿ, ತಿರುಗಿ ನೋಡದೆ ಮನೆಗೆ ಬರುವುದು. ಆಮೇಲೆ ಗದ್ದೆಯಾಚೆಯ ಮನೆಯವರು ಕೋಳಿ ಒಪ್ಪಿಸುವುದು. ಹರಕೆ ನಮ್ಮದು, ಕತ್ತಿ ಅವರದು. ಇಂಥ ಜಾಣತನಕ್ಕೆ ನಮ್ಮವರನ್ನು ಬಿಟ್ಟರಿಲ್ಲ.

ಕಳೆದ ವರ್ಷ ಅಣ್ಣನ ಕೊಟ್ಟಿಗೆಯಲ್ಲಿ ಆಕಳುಗಳು ಒಂದರ ಹಿಂದೊಂದು ಸತ್ತವು. ಜೋಯಿಸರ ಹತ್ತಿರ ಪ್ರಶ್ನೆ ಹಾಕಿಸಿದಾಗ, ಬೆಟ್ಟದ ದೇವಿಗೆ ರಕ್ತ ನಿಲ್ಲಬೇಕು, ಸಾತ್ವಿಕ ಪೂಜೆ ಆಗಬೇಕು ಎಂದು ಬಂತು. ಅಣ್ಣನಿಗೂ ಅದೇ ಬೇಕಿತ್ತು.

"ಚೌಡಿ ಹೇಳಿರೂ ದುರ್ಗೆ ಹೇಳಿರೂ ಒಂದೇಯ, ತಮಾ. ಒಂದು ಗುಡಿ ಕಟ್ಟಿ ಹೋಮ ಮಾಡ್ಸಿರಾತು," ಎಂದ.

"ಗದ್ದೆಯಾಚೆ ಮನೆಯವರ ಹತ್ರ ಒಂದು ಮಾತು ಕೇಳವು ಅಲ್ದಾ?" ಎಂದೆ.

"ಕೇಳದು ಎಂತ ಇದ್ದು? ಕೋಳಿ ಇಲ್ಲೆ ಹೇಳಿರೆ ಅವಕ್ಕೂ ಕೆಲಸ ಕಮ್ಮಿ ಆತು."

ನಾನು ನಕ್ಕುಬಿಟ್ಟೆ. ತರಗತಿಯಲ್ಲಿ ಅಷ್ಟೆಲ್ಲ ಆಡುವ ನಾಲಿಗೆ ಅಣ್ಣನೆದುರು ಅಷ್ಟಕ್ಕೇ ನಿಂತಿತು. ಹೋಮದ ದಿನ ಮಡಿ ಉಟ್ಟು ಕುಳಿತು, ಸ್ವಾಹಾ ಎಂದಾಗಲೆಲ್ಲ ತುಪ್ಪ ಹೊಯ್ದವನೂ ನಾನೇ. ಕಲ್ಲಿನ ಸುತ್ತ ಟೈಲ್ಸ್ ಹಾಕಿದ ಪುಟ್ಟ ಗುಡಿಯಾಯಿತು, ಕಬ್ಬಿಣದ ಸರಳಿನ ಬಾಗಿಲಾಯಿತು, ಬೀಗವಾಯಿತು. ಮೇಲೆ 'ಶ್ರೀ ವನದುರ್ಗಾ' ಎಂದು ಬರೆಸಿದೆವು. ರೋಮನರು ಸೂಲಿಸಳ ಹೆಸರನ್ನಾದರೂ ಮುಂದೆ ಉಳಿಸಿಕೊಂಡಿದ್ದರು. ನಮಗೆ ಅಷ್ಟು ಮರ್ಯಾದೆಯೂ ಇರಲಿಲ್ಲ.

ಕೆಲವು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ದೀಪ ಹಚ್ಚಲು ಹೋದರೆ ಗದ್ದೆಯಾಚೆಯ ಮನೆಯ ಹಿರಿಯಾಕೆ ಕಂಕುಳಲ್ಲಿ ಹುಂಜ ಅವುಚಿಕೊಂಡು ಗುಡಿಯೆದುರು ನಿಂತಿದ್ದಳು. ಜಗಳಕ್ಕೇ ಬಂದಿದ್ದಾಳೆ ಎಂದುಕೊಂಡೆ. ಬಂದಿದ್ದರೆ ಚೆನ್ನಾಗಿತ್ತು.

"ಮಾಸ್ತರ್ರೆ, ಇದು ನಿಮ್ಮ ಹೆಸರಿನ ಕೋಳಿ," ಎಂದಳು.

ನನಗೆ ತಲೆಬುಡ ತಿಳಿಯಲಿಲ್ಲ. ಆಕೆಯೇ ಬಿಡಿಸಿ ಹೇಳಿದಳು. ಗುಡಿ ಕಟ್ಟುವುದಕ್ಕೆ ಹಿಂದಿನ ಬೇಸಿಗೆಯಲ್ಲಿ ನನಗೆ ಮಂಗನ ಕಾಯಿಲೆ ಬಂದು, ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ಎಚ್ಚರ ತಪ್ಪಿ ಮಲಗಿದ್ದೆ. ಬದುಕುವ ಭರವಸೆ ಮನೆಯವರಿಗೇ ಇರಲಿಲ್ಲ. ಆಗ ಈಕೆ ಚೌಡಿಯೆದುರು ನಿಂತು, ಮಾಸ್ತರು ಬದುಕಿ ಬಂದರೆ ಒಂದು ಹುಂಜ ಕೊಡುತ್ತೇನೆ ಎಂದು ಹೇಳಿಕೊಂಡಿದ್ದಳು. ಯಾರೂ ಆಕೆಯನ್ನು ಕೇಳಿರಲಿಲ್ಲ, ಆಕೆಯೂ ಯಾರಿಗೂ ಹೇಳಿರಲಿಲ್ಲ. ಮರಿಯಿದ್ದಾಗಿನಿಂದ ಬೇರೆಯಾಗಿ ಸಾಕಿ, ನೆಂಟರು ಬಂದಾಗಲೂ ಅದನ್ನು ಮುಟ್ಟಗೊಟ್ಟಿರಲಿಲ್ಲ. ಹರಕೆ ತೀರದೆ ಉಳಿದರೆ ನನ್ನ ಜೀವಕ್ಕೇ ಮತ್ತೆ ಕುತ್ತು ಬಂದೀತು ಎಂಬುದು ಆಕೆಯ ಭಯ.

"ಇಲ್ಲಿ ಇನ್ನು ಕೊಡೂ ಹಾಂಗಿಲ್ಲ ಅಂತ ಗೊತ್ತದೆ," ಎಂದು ಸರಳಿನ ನಡುವಿಂದ ಇಣುಕಿದಳು. "ಒಳಗಿರೋದು ಅವ್ಳೇ ಹೌದಾ, ಮಾಸ್ತರ್ರೆ? ನಮ್ಮ ಮಾತು ಈಗ್ಲೂ ತಿಳೀತದಾ ಅವ್ಳಿಗೆ?"

ಮಾತಿನಲ್ಲಿ ಕೊಂಕಿರಲಿಲ್ಲ. ಆಕೆಗೆ ನಿಜವಾಗಿಯೂ ಉತ್ತರ ಬೇಕಿತ್ತು. ಬೀಗದ ಕೈ ನನ್ನ ಮುಷ್ಟಿಯಲ್ಲೇ ಇತ್ತು. "ಅಣ್ಣನ ಹತ್ರ ಕೇಳಿ ಹೇಳ್ತೆ," ಎಂದುಬಿಟ್ಟೆ. ತಲೆ ನರೆತ ಗಂಡಸು, ಅಣ್ಣನ ಹತ್ತಿರ ಕೇಳಿ ಹೇಳುವುದಂತೆ! ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಬೇಕು ಎನ್ನುತ್ತಾರಲ್ಲ, ಹಾಗಾಯಿತು.

"ಬ್ಯಾಡ, ನನ್ನ ದೆಸೆಯಿಂದ ನಿಮ್ಮನೇಲಿ ಜಗಳ ಆಗೋದು ಬ್ಯಾಡ," ಎಂದಳು. "ಹೊಳೆ ದಂಡೆ ಮೇಲೆ ಕೊಡ್ತೆ. ನೀವು ಬಂದು ಒಂದ್ಸಲ ಕೈ ಮುಗೀರಿ, ಸಾಕು."

ಹೋದೆ. ಆಕೆ ಹೊಳೆಯ ಕಲ್ಲೊಂದನ್ನು ತೊಳೆದಿಟ್ಟು ಕುಂಕುಮ ಹಚ್ಚಿದಳು. ಹುಂಜವನ್ನು ನನ್ನ ತಲೆಯ ಸುತ್ತ ನಿವಾಳಿಸಿದಳು. ಅದರ ರೆಕ್ಕೆಯ ಗಾಳಿ ಮುಖಕ್ಕೆ ತಾಗಿತು. ನನ್ನನ್ನು ಉಳಿಸಿಕೊಡೆಂದು ಬೇಡಿದ ಜಾಗಕ್ಕೆ ಬೀಗ ಹಾಕಿದವನಿಗೆ ದೃಷ್ಟಿ ತೆಗೆಯುತ್ತಿದ್ದಾಳಲ್ಲ ಎನಿಸಿ ಕಣ್ಣೆತ್ತಲಾಗಲಿಲ್ಲ. ಆಮೇಲೆ ಬೆಟ್ಟದ ಕಡೆ ತಿರುಗಿ, ಮನೆಮಂದಿಯೊಡನೆ ಮಾತಾಡುವ ದನಿಯಲ್ಲೇ ಹೇಳಿದಳು:

"ಸಿಟ್ಟು ಮಾಡ್ಕಬ್ಯಾಡ ತಾಯಿ. ಪಾಪ, ತಿಳೀದೆ ಮಾಡಿದಾರೆ. ಈ ಮಾಸ್ತರ್ರಿಗಂತೂ ಏನೂ ಗೊತ್ತಿಲ್ಲ."

ನನಗೆ ಎಲ್ಲ ಗೊತ್ತಿತ್ತು. ಕೈ ಮುಗಿದುಕೊಂಡೇ ನಿಂತೆ.