ಬಸವಣ್ಣನ ಕಣ್ಣಿನ ಸಿಂಹ

ನನ್ನ ಷಡ್ಡಕನ ಬಲಗೈ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಎಂದೋ ಸುತ್ತಿಗೆ ಏಟಿಗೆ ಹೋದದ್ದು ಮತ್ತೆ ಬರಲಿಲ್ಲ. ಆ ಬೋಳು ಬೆರಳಿನಿಂದಲೇ ಕಲ್ಲು ಸವರಿ ನೋಡುತ್ತಿದ್ದ. ಜನ ಅದನ್ನೂ ಹೊಗಳುವರು! ನನಗೆ ಹತ್ತೂ ಉಗುರಿದ್ದವು, ಯಾರು ಕೇಳಿದರು?

ಕುರುಗೋಡಿನವನು, ನನ್ನ ಹೆಂಡತಿಯ ತಂಗಿಯನ್ನು ಕಟ್ಟಿಕೊಂಡವನು. ಇಬ್ಬರದೂ ಕಲ್ಲು ಕೆತ್ತುವ ಕೆಲಸ. ಬಳ್ಳಾರಿಯ ಅತ್ತೆಯ ಮನೆಗೆ ಹೋದರೆ ತುಪ್ಪ ಅವನ ರೊಟ್ಟಿಗೆ, ಎಣ್ಣೆ ನನ್ನ ರೊಟ್ಟಿಗೆ. ಸುಳ್ಳಲ್ಲ, ಬೇಕಿದ್ದರೆ ನನ್ನ ಹೆಂಡತಿಯನ್ನು ಕೇಳಿ.

ಎಪ್ಪತ್ತರ ದಶಕದಲ್ಲಿ ಸಿರುಗುಪ್ಪ ದಾರಿಯ ಹಳ್ಳದ ಮೇಲಿನ ಬ್ರಿಟಿಷರ ಕಾಲದ ಸೇತುವೆ ರಿಪೇರಿಗೆ ಬಂತು. ನಾಲ್ಕು ಮೂಲೆಗೆ ನಾಲ್ಕು ಕಲ್ಲಿನ ಸಿಂಹ. ಮೂರಕ್ಕೆ ಕಿವಿ, ಬಾಲ ಮುರಿದಿದ್ದವು. ನಾಲ್ಕನೆಯದು ಲಾರಿ ಗುದ್ದಿ ಹಳ್ಳಕ್ಕೆ ಬಿದ್ದು ಪುಡಿಯಾಗಿತ್ತು. ಹೊಸ ಸಿಂಹ ನನ್ನ ಕೈಯಿಂದಲೇ ಏಳಬೇಕು, ಹೋಗಿ ಬರುವ ಬಸ್ಸಿನ ಜನವೆಲ್ಲ ನೋಡಬೇಕು ಎಂದು ನನಗೆ ಆಸೆ. ಇಂಜಿನಿಯರ್ ಅದನ್ನು ಅವನಿಗೆ ಕೊಟ್ಟರು. ನನಗೆ ಉಳಿದ ಮೂರರ ತೇಪೆ ಕೆಲಸ.

ಆದರೆ ಅವನು ಜೀವಮಾನವಿಡೀ ಕೆತ್ತಿದ್ದು ಗುಡಿ ಮುಂದೆ ಕೂರಿಸುವ ಬಸವಣ್ಣನನ್ನೇ. ಸಿಂಹಕ್ಕೆ ಜೂಲು ಬಂತು, ಕೋರೆ ಬಂತು. ಕಣ್ಣು ಮಾತ್ರ ಅಗಲವಾಗಿ, ತಂಪಾಗಿ, ಥೇಟ್ ಎತ್ತಿನದು. ನಾನು ಹಿಗ್ಗಿಹೋದೆ.

“ಲೇ, ಇದು ಸಿಂಹ ಏನಲೇ? ಮೇವು ಹಾಕ್ರಿ ಅಂತೈತಲ್ಲ!”

ಅವನು ಆ ಕಣ್ಣು ಸವರಿ ನೋಡಿ, ಬಿದ್ದು ಬಿದ್ದು ನಕ್ಕ. “ಹೌದಲ್ಲ ಅಣ್ಣಾ! ಕೈ ರೂಢಿ ಬಿಡವಲ್ದು.”

ಮರುದಿನ ಇಂಜಿನಿಯರ್ ಬೈಯುವುದನ್ನು ನೋಡಲೆಂದೇ ಒಗೆದ ಧೋತ್ರ ಉಟ್ಟು ಹೋದೆ. ಅಷ್ಟರಲ್ಲಿ ಭತ್ತದ ಗಾಡಿಯವನೊಬ್ಬ ಇಳಿದು ಬಂದು, ಸಿಂಹದ ಹಣೆಗೆ ವಿಭೂತಿ ಬಳಿದು ಕೈಮುಗಿದ. ಇಂಜಿನಿಯರ್ ನಕ್ಕು, “ಇರ್ಲಿ ಬಿಡ್ರಿ” ಎಂದರು. ಅಂದಿನಿಂದ ಅದಕ್ಕೆ ದಿನಾ ಹೂವು. ನನ್ನ ಮೂರಕ್ಕೆ ಕಾಗೆ.

ಕಲ್ಲಿನ ಪುಡಿ ಕುಡಿದ ಎದೆ ಅವನದು. ಎಂಬತ್ತರ ದಶಕದಲ್ಲಿ ಕೆಮ್ಮಿ ಕೆಮ್ಮಿಯೇ ಹೋದ. ಸಮಾಧಿಯ ಮೇಲಿಡಲು ಪುಟ್ಟ ಬಸವಣ್ಣನನ್ನು ಕೆತ್ತಿಕೊಡಿ ಎಂದಳು ನಾದಿನಿ. ಈ ಸಲವಾದರೂ ಅವನ ಸರಿಸಮ ನಿಲ್ಲಬೇಕೆಂದು ಜೀವ ತೇಯ್ದು ಕೆತ್ತಿದೆ. ಕೊಂಬು, ಗೊರಸು, ಗಂಟೆಸರ ಎಲ್ಲ ಚೆನ್ನಾಗಿಯೇ ಬಂದವು. ಕಣ್ಣು ಮಾತ್ರ ಕೆಕ್ಕರಿಸಿ ನೋಡುತ್ತಿದ್ದವು. ಎಷ್ಟು ತಿದ್ದಿದರೂ ತಣ್ಣಗಾಗಲಿಲ್ಲ.

“ಬ್ಯಾರೆ ಕೆತ್ತಿ ಕೊಡ್ತೀನವ್ವಾ” ಎಂದೆ.

ನಾದಿನಿ ಸೆರಗಿನಿಂದ ಅದರ ಮೇಲಿನ ಪುಡಿ ಒರೆಸಿದಳು. “ಬ್ಯಾಡ ಬಿಡ್ರಿ ಮಾಮಾ. ನೀವು ಅವ್ರನ್ನ ಹಿಂಗಽ ನೋಡ್ತಿದ್ರಿ. ಅವ್ರಿಗೆ ರೂಢಿ ಐತಿ.”